ದೀಪ ಹತ್ತಿದ ಮೇಲೆ ಕಾಣುವವನು

ಅಂಟಕ್ಕನ ಮೇಜಿನ ಹತ್ತಿರ ಬಂದಾಗ ಯಜಮಾನ ಕೂಡ ದನಿ ತಗ್ಗಿಸುತ್ತಿದ್ದ. ಅವಳ ಕೈಯಲ್ಲಿ ಸದಾ ಬಿಸಿಗಾಳಿ ಉಗುಳುವ ಗನ್ನು ಇರುತ್ತಿತ್ತು ಎಂಬುದು ಒಂದು ಕಾರಣ. ಅವಳ ಬಾಯಿ ಆ ಗನ್ನಿಗಿಂತ ಬಿಸಿ ಎಂಬುದು ಇನ್ನೊಂದು.

ರಸ್ತೆ ಬದಿಯಲ್ಲಿ ಮನೆಯಷ್ಟು ದೊಡ್ಡ ಜಾಹೀರಾತು ಫಲಕಗಳು ನಿಂತಿರುತ್ತವಲ್ಲ, ಅವಕ್ಕೆ ಬೇಕಾದಷ್ಟು ಅಗಲದ ಹಾಳೆ ಆ ಕಾರ್ಖಾನೆಯ ಯಂತ್ರದಿಂದ ಒಂದೇ ಸಲಕ್ಕೆ ಹೊರಬರುತ್ತಿರಲಿಲ್ಲ. ಚಿತ್ರ ಪಟ್ಟೆ ಪಟ್ಟೆಯಾಗಿ ಅಚ್ಚಾಗಿ ಬರುತ್ತಿತ್ತು. ಒಂದು ಪಟ್ಟೆಯಲ್ಲಿ ಅರ್ಧ ಮೂಗು, ಇನ್ನೊಂದರಲ್ಲಿ ಉಳಿದರ್ಧ. ಅವುಗಳ ಅಂಚನ್ನು ಎರಡು ಬೆರಳಷ್ಟು ಒಂದರ ಮೇಲೊಂದು ಬರುವಂತೆ ಜೋಡಿಸಿ, ನಡುವೆ ಬಿಸಿಗಾಳಿ ಹಾಯಿಸಿ, ರೋಲರಿನಿಂದ ಒತ್ತಿ ಒಂದು ಮಾಡುವುದು ಅಂಟಕ್ಕನ ಕೆಲಸ. ಅವಳು ಜೋಡಿಸಿದ ಮೂಗಿನಲ್ಲಿ ಗೆರೆ ಹುಡುಕಿದವರು ಸೋತು ಮನೆಗೆ ಹೋಗಿದ್ದಾರೆ. ಆದರೆ ಹಾಳೆ ಎಷ್ಟು ದೊಡ್ಡದೆಂದರೆ, ಇಡೀ ಚಿತ್ರವನ್ನು ಅವಳು ಮೇಜಿನ ಮೇಲೆ ಎಂದೂ ನೋಡುತ್ತಿರಲಿಲ್ಲ. ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಅಂಚುಗಳು ಮಾತ್ರ. ಮಧ್ಯಾಹ್ನದವರೆಗೆ ಯಾರದೋ ಕಿವಿ, ಆಮೇಲೆ ಯಾರದೋ ಮೊಣಕೈ. ಪೂರ್ತಿ ಮನುಷ್ಯ ಕಾಣುವುದು ಅವನು ಮೇಲೇರಿ ನಿಂತ ಮೇಲೆಯೇ.

ಮೇಲೇರಿಸುತ್ತಿದ್ದವನು ಅವಳ ಗಂಡ. ಅವನನ್ನು ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು, ಏಕೆಂದರೆ ಅವನಿಗೆ ಏಣಿಯೇ ಬೇಕಿರಲಿಲ್ಲ. ಕಬ್ಬಿಣದ ಕಂಬ ಹಿಡಿದು ಸರಸರನೆ ಹತ್ತಿ, ತುದಿಯಲ್ಲಿ ಕುಳಿತು ಕಾಲು ಆಡಿಸುತ್ತಾ ಕೆಳಗಿದ್ದವರ ಬೋಳುತಲೆ ಲೆಕ್ಕ ಹಾಕುವ ಆಸಾಮಿ. ಹತ್ತುವವರಿಗೆಂದು ಯಜಮಾನ ಒಂದು ಗಟ್ಟಿ ಹಗ್ಗ ತರಿಸಿದ್ದು ನಿಜ. ಆದರೆ ಹಗ್ಗ ಕಟ್ಟಿಕೊಂಡು ಬಿಚ್ಚಿಕೊಂಡು ಕೂತರೆ ಕೆಲಸ ಸಾಗುವುದಿಲ್ಲವೆಂದು ಅದನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದ. ಅದರ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಒಂದು ಮಧ್ಯಾಹ್ನ ಕೂಡುರಸ್ತೆಯ ದೊಡ್ಡ ಫಲಕದಿಂದ ಏಣಿಯಣ್ಣ ಕೆಳಗೆ ಬಿದ್ದ. ಅಂಟಕ್ಕ ಓಡಿ ಬರುವಷ್ಟರಲ್ಲಿ ಅವನ ಮುಖದ ಮೇಲೆ ಯಾರೋ ಟವಲು ಹೊದಿಸಿದ್ದರು. ಅದನ್ನು ಸರಿಸಿ ಯಜಮಾನ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ.

"ಪೊಲೀಸರಿಗೆ ಬೇಕಾಗುತ್ತೆ ಅತ್ತಿಗೆ, ಪರಿಹಾರಕ್ಕೂ ಬೇಕಾಗುತ್ತೆ," ಎಂದಿದ್ದ, ಕಣ್ಣು ಒರೆಸಿಕೊಳ್ಳುತ್ತಾ. ಅವಳು ನಂಬಿದಳು. ಅವಳ ಜಾಗದಲ್ಲಿ ಯಾರಿದ್ದರೂ ನಂಬುತ್ತಿದ್ದರು ಬಿಡಿ. ಏಕೆಂದರೆ ಯಜಮಾನ ಮತ್ತು ಏಣಿಯಣ್ಣ ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಹಲಗೆಯ ಮೇಲೆ ನಿಂತು ಬಣ್ಣ ಬಳಿದವರು. ಒಬ್ಬ ಮೇಲೆಯೇ ಉಳಿದ, ಇನ್ನೊಬ್ಬ ಕೆಳಗಿಳಿದು ಯಜಮಾನನಾದ. ಆಮೇಲೆ ನಿಧಾನವಾಗಿ "ಅತ್ತಿಗೆ" ಹೋಗಿ "ಏನಮ್ಮಾ" ಬಂತು. ಪರಿಹಾರ ಬರಲಿಲ್ಲ.

ಆ ಗೆಳೆಯರಿಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ಕಥೆಯ ವಿಷವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಹಿಂದಿನಿಂದ ದೀಪ ಬೀಳುವ ಫಲಕಕ್ಕೆ ಹೊಸ ಹಾಳೆ ಕಟ್ಟುವಾಗ ಹಳೆಯದನ್ನು ಬಿಚ್ಚಲೇಬೇಕು. ಬಿಚ್ಚದೆ ಮೇಲೆಯೇ ಕಟ್ಟಿದರೆ ಹಗಲಿಗೆ ಏನೂ ಗೊತ್ತಾಗುವುದಿಲ್ಲ. ಸಂಜೆ ದೀಪ ಹತ್ತಿದೊಡನೆ ಒಳಗಿನ ಚಿತ್ರ ಹೊರಗಿನದನ್ನು ತೂರಿಕೊಂಡು ಬರುತ್ತದೆ. ಇವರು ಸೋಮಾರಿತನದಿಂದ ಒಡವೆ ಅಂಗಡಿಯ ಮದುಮಗಳನ್ನು ಕೂದಲೆಣ್ಣೆಯ ಪೈಲ್ವಾನನ ಮೇಲೆಯೇ ಕಟ್ಟಿದ್ದರು. ದೀಪ ಹತ್ತಿತು. ಮದುಮಗಳಿಗೆ ಗಿರಿಜಾ ಮೀಸೆ ಬಂತು! ಒಡವೆ ಅಂಗಡಿಯವನು ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡ. ಏಣಿಯಣ್ಣ ನಗುತ್ತಾ ನಗುತ್ತಾ ರಸ್ತೆಯಲ್ಲೇ ಕುಕ್ಕರಿಸಿಬಿಟ್ಟ. ಅವನ ಗೆಳೆಯ ಮಾತ್ರ ನಗದೆ ಆ ಮೀಸೆಯನ್ನೇ ನೋಡುತ್ತಾ ನಿಂತಿದ್ದನಂತೆ. ಆ ಸಂಜೆ ಒಬ್ಬನಿಗೆ ನಗು ಸಿಕ್ಕಿತು, ಇನ್ನೊಬ್ಬನಿಗೆ ಬಂಡವಾಳ ಸಿಕ್ಕಿತು.

ಆ ಬಂಡವಾಳ ಹೊರಬಂದದ್ದು ಏಣಿಯಣ್ಣ ಸತ್ತ ಮರುವರ್ಷ, ಒಂದು ವಿಮಾ ಕಂಪನಿಯ ಕೆಲಸ ಬಂದಾಗ. ಹೊರಗೆ ಕಾಣುವ ಹಾಳೆಯಲ್ಲಿ ಅಪ್ಪ, ಅಮ್ಮ, ಮಗು ಸೋಫಾದ ಮೇಲೆ ಕುಳಿತು ಹಲ್ಲು ಕಿಸಿಯುತ್ತಿದ್ದರು. ಅದರ ಜೊತೆಗೆ ಇನ್ನೊಂದು ಹಾಳೆ ಬಂತು. ಬಿಳಿಯ ಮೇಲೆ ತೆಳ್ಳಗೆ ಬೂದು ಕಲೆಗಳು, ಹಾಲು ಚೆಲ್ಲಿ ಒರೆಸಿದ ಹಾಗೆ.

"ಇದನ್ನ ಹಿಂದೆ ಇಟ್ಟು, ಮೇಲಿನ ಅಂಚಲ್ಲಿ ಎರಡನ್ನೂ ಸೇರಿಸಿ ಅಂಟಿಸಿಬಿಡಮ್ಮ. ಒಂದೇ ಹಾಳೆ ಥರ ಸುತ್ತಿಡು. ಹತ್ತೋರಿಗೂ ಗೊತ್ತಾಗ್ಬಾರ್ದು," ಎಂದ ಯಜಮಾನ.

"ಏನಿದು?"

"ನೆರಳು. ಬರೀ ನೆರಳು."

ಅವಳು ಅಂಟಿಸಿದಳು. ಬೂದು ಪಟ್ಟೆಗೆ ಬೂದು ಪಟ್ಟೆ ಸೇರಿಸಿ, ಬಿಸಿಗಾಳಿ ಹಾಯಿಸಿ, ರೋಲರ್ ಉರುಳಿಸಿ, ಎಂದಿನ ಹಾಗೆ ಗೆರೆ ಕಾಣದಂತೆ.

ಅವಳ ಮಗಳು ಪುಟ್ಟಿ ಶಾಲೆ ಮುಗಿಸಿ ಕಾರ್ಖಾನೆಗೆ ಬರುತ್ತಿದ್ದಳು. ಇಬ್ಬರೂ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುವುದು ರೂಢಿ. ಏಣಿಯಣ್ಣ ಬಿದ್ದ ಜಾಗ ಅದೇ ಆದರೂ ಬಸ್ಸು ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ವಿಮಾ ಕಂಪನಿಯ ಹಾಳೆಯನ್ನು ಅಲ್ಲಿ ಕಟ್ಟಿದ ದಿನ ಬೀದಿ ದೀಪಗಳ ಜೊತೆಗೇ ಫಲಕದ ದೀಪಗಳೂ ಹತ್ತಿದವು. ನಗುತ್ತಿದ್ದ ಸಂಸಾರದ ಕಾಲ ಕೆಳಗೆ, ಸೋಫಾದ ನೆರಳಿನಲ್ಲಿ ಏನೋ ಉದ್ದಕ್ಕೆ ಚಾಚಿಕೊಂಡಂತೆ ಕಂಡಿತು. ಪಕ್ಕದಲ್ಲಿ ನಿಂತಿದ್ದವರು ಒಮ್ಮೆ ತಲೆಯೆತ್ತಿ ನೋಡಿ, ಯಾಕೋ ಮೈ ಜುಮ್ಮೆಂದವರಂತೆ ಬೇರೆ ಕಡೆ ತಿರುಗಿದರು.

ಪುಟ್ಟಿ ಮಾತ್ರ ತಿರುಗಲಿಲ್ಲ. "ಅಮ್ಮಾ, ಅಲ್ಲಿ ಅಪ್ಪ ಮಲ್ಗಿದಾನೆ," ಎಂದಳು.

"ಸುಮ್ನಿರೇ, ಏನೇನೋ ಹೇಳ್ಬೇಡ."

"ಅಪ್ಪನೇ. ನೋಡು, ನಾನು ಹಾಕಿದ್ದ ಗುಂಡಿ."

ಅಂಗಿಯ ಜೇಬಿನ ಗುಂಡಿ ಕಿತ್ತುಹೋದಾಗ ಪುಟ್ಟಿ ತನ್ನ ಹಳೆಯ ಕೋಟಿನ ದಪ್ಪ ಗುಂಡಿಯನ್ನು ಅಲ್ಲಿಗೆ ಹೊಲಿದುಕೊಟ್ಟಿದ್ದಳು. ಜೇಬಿಗಿಂತ ಗುಂಡಿಯೇ ದೊಡ್ಡದಾಯಿತು ಎಂದು ಏಣಿಯಣ್ಣ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಸತ್ತ ದಿನವೂ ಅದೇ ಅಂಗಿ. ಅಂಟಕ್ಕ ಆ ಗುಂಡಿಯನ್ನು ಹಿಡಿದು ನೋಡುತ್ತಾ ಮೇಲೆ ಹೋದಳು. ಗುಂಡಿಯಿಂದ ಕಾಲರು, ಕಾಲರಿನಿಂದ ಗದ್ದ, ಗದ್ದದಿಂದ ಅರೆತೆರೆದ ಬಾಯಿ. ಪೂರ್ತಿ ಮನುಷ್ಯ ಕಂಡ.

ಆಗ ಅವಳಿಗೆ ಹೊಳೆದದ್ದು ಇನ್ನೊಂದು. ಆ ಕುತ್ತಿಗೆಗೆ ಆ ಭುಜವನ್ನು ಅಂಟಿಸಿದವಳು ತಾನೇ. ಗಂಡನ ಹೆಣವನ್ನು ಎರಡು ದಿನ ಮೇಜಿನ ಮೇಲೆ ಹರಡಿಕೊಂಡು, ರೋಲರಿನಿಂದ ಒತ್ತಿ, ಸುತ್ತಿ ಕೊಟ್ಟವಳು ತಾನೇ. ಅವಳಿಗೆ ಅಳು ಬರಲಿಲ್ಲ.

ಮರುದಿನ ಬೆಳಿಗ್ಗೆ ಯಜಮಾನನ ಕೋಣೆಯ ಬಾಗಿಲನ್ನು ತಟ್ಟದೆ ಒಳಗೆ ಹೋದಳು.

"ಅವನನ್ನ ಇಳ್ಸಿ."

ಯಾರನ್ನು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಷ್ಟಾದರೂ ಮಾನ ಉಳಿಯುತ್ತಿತ್ತು. ಕುರ್ಚಿ ತೋರಿಸಿ, ನೀರು ಕೊಟ್ಟು, ಬೆಣ್ಣೆಯಂಥ ದನಿಯಲ್ಲಿ ಶುರು ಮಾಡಿದ. "ನೋಡಮ್ಮಾ, ಅದು ಯಾರಂತ ಯಾರಿಗೂ ಗೊತ್ತಾಗಲ್ಲ. ಸರಿಯಾಗಿ ಕಾಣೋದೂ ಇಲ್ಲ. ನೋಡಿದೀನಿ ಅಂತ ನೋಡಿದವನಿಗೇ ತಿಳಿಯಲ್ಲ. ಮನಸ್ಸಲ್ಲಿ ಒಂದು ಹೆದರಿಕೆ ಕೂತ್ಕೊಳ್ಳುತ್ತೆ, ಅಷ್ಟೆ. ಮನೆಗೆ ಹೋಗಿ ಹೆಂಡ್ತಿ ಮಕ್ಕಳ ಮುಖ ನೋಡ್ತಾನೆ, ಮಾರನೇ ದಿನ ವಿಮೆ ಮಾಡಿಸ್ತಾನೆ. ಅದ್ರಲ್ಲಿ ತಪ್ಪೇನಿದೆ? ನಿನ್ನ ಗಂಡ ಇಂಥದ್ದೊಂದನ್ನ ನೋಡಿದ್ರೆ ಅವನೂ ಮಾಡಿಸ್ತಿದ್ನೋ ಏನೋ."

ಗಾಯಕ್ಕೆ ಉಪ್ಪು ಹಚ್ಚುವುದೂ ಒಂದು ಕಲೆ. ಅದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

"ಎದುರಿಗೆ ತೋರ್ಸಿದ್ರೆ ಬೇಕು, ಬೇಡ ಅನ್ನಬಹುದು ಯಜಮಾನ್ರೇ," ಎಂದಳು ಅಂಟಕ್ಕ. "ಛೀ ಅಂತ ಉಗೀಬಹುದು. ತೋರಿಸ್ದೇ ಒಳಗೆ ತುರುಕಿದ್ರೆ ಬೇಡ ಅನ್ನೋದು ಹೇಗೆ?"

"ಅದಕ್ಕೇ ಅಲ್ವಾ ಅದು ಕೆಲಸ ಮಾಡೋದು!" ಎಂದು ಅವನು ನಕ್ಕ. ಅವಳು ತನ್ನನ್ನು ಹೊಗಳಿದಳು ಎಂದೇ ತಿಳಿದಿರಬೇಕು. "ಕಂಪನಿಯೋರಿಗೆ ತುಂಬಾ ಹಿಡ್ಸಿದೆ. ಇದೇ ಫಲಕದ ಇನ್ನೊಂದು ಮುಖಕ್ಕೂ ಹಾಕಿ ಅಂದಿದಾರೆ. ಅದೇ ಹಿಂದಿನ ಚಿತ್ರ ಇರಲಿ ಅಂದಿದಾರೆ."

ಅಂಟಕ್ಕ ಎದ್ದು ಬಂದು ತನ್ನ ಮೇಜಿನ ಮುಂದೆ ಕುಳಿತಳು. ಅಂದಿನಿಂದ ಅವಳು ಯಾರಿಗೂ ಬೈಯಲಿಲ್ಲ, ಜೋರಾಗಿ ಮಾತಾಡಲಿಲ್ಲ. ಅದನ್ನು ಕಂಡು ಕಾರ್ಖಾನೆಯವರು ಹೆದರಬೇಕಿತ್ತು. ಪಾಪ, ಸದ್ಯ ನೆಮ್ಮದಿಯಾಯಿತು ಅಂದುಕೊಂಡರು.

ಕತ್ತರಿ ತೆಗೆದುಕೊಂಡು ಹೋಗಿ ಹರಿದು ಹಾಕೋಣವೆಂದು ಅವಳಿಗೆ ಅನಿಸದೆ ಇರಲಿಲ್ಲ. ಹರಿದರೆ ಇನ್ನೊಂದು ಅಚ್ಚಾಗುತ್ತದೆ, ಅಷ್ಟೆ. ಇತ್ತ ಪುಟ್ಟಿಯದು ಬೇರೆಯೇ ಕಥೆ. ಸಂಜೆ ದೀಪ ಹತ್ತಿದ ಮೇಲೆ ಅವಳು ಬಸ್ಸು ಹತ್ತಲು ಒಲ್ಲೆ ಎನ್ನುತ್ತಿದ್ದಳು. "ಅಪ್ಪನ್ನ ಒಬ್ಬನ್ನೇ ಬಿಟ್ಟು ಹೇಗೆ ಹೋಗೋದು?" ಎಂದು ನಿಲ್ದಾಣದ ಕಂಬವನ್ನು ತಬ್ಬಿಕೊಳ್ಳುತ್ತಿದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಳೆದುಕೊಂಡು ಹೋಗಬೇಕು. ಹಾಗೆ ಬೆರಳು ಬಿಡಿಸುವಾಗಲೆಲ್ಲ ಅಂಟಕ್ಕ ಯಜಮಾನನನ್ನು ನೆನೆದು, ಹಲ್ಲು ಕಚ್ಚಿಕೊಂಡು ಒಂದೇ ಮಾತು ಅಂದುಕೊಳ್ಳುತ್ತಿದ್ದಳು: ನೀನೇ ಹತ್ತಬೇಕು ಕಣೋ. ನಿನ್ನ ಕೈಯಾರೆ ಇಳಿಸಬೇಕು. ಕಾಲು ನಡುಗಬೇಕು ನಿನಗೆ.

ಅಚ್ಚಿನ ಯಂತ್ರ ನಡೆಸುವವನನ್ನು ಪುಟ್ಟಿ ಮಸಿ ಮಾಮ ಎಂದು ಕರೆಯುತ್ತಿದ್ದಳು. ಕೈ, ಮೂಗು, ಊಟದ ಡಬ್ಬಿ ಎಲ್ಲಕ್ಕೂ ಮಸಿ ಮೆತ್ತಿಕೊಂಡ ಸಾಧು ಪ್ರಾಣಿ. ಅವನ ಮೊಬೈಲಿನಲ್ಲಿ ಒಂದು ಚಿತ್ರವಿತ್ತು. ಊಟವಾದ ಮೇಲೆ ಯಜಮಾನ ಕುರ್ಚಿಗೆ ಒರಗಿ, ಬಾಯಿ ತೆರೆದು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ನಿದ್ದೆ ಹೊಡೆಯುವ ಚಿತ್ರ. ಅದನ್ನು ನೋಡಿ ನಗದವರು ಕಾರ್ಖಾನೆಯಲ್ಲಿ ಇರಲಿಲ್ಲ.

"ಆ ಮುಖ ಬೇಕು," ಎಂದಳು ಅಂಟಕ್ಕ. "ದಿಂಬಿನ ಮೇಲೆ ಇಡು. ಕುತ್ತಿಗೆವರೆಗೆ ಬಿಳಿ ಬಟ್ಟೆ ಹೊದಿಸು. ಫಲಕದ ಇನ್ನೊಂದು ಬದಿಗೆ ಹೋಗೋ ಹಿಂದಿನ ಹಾಳೆ ಅದೇ."

ಮಸಿ ಮಾಮನ ಮುಖ ಬಿಳಿಚಿಕೊಂಡಿತು. "ಅಂಟಕ್ಕ, ನನ್ನ ಕೆಲ್ಸ ಹೋಗುತ್ತೆ."

"ಹೋಗುತ್ತೆ. ನನ್ನದೂ ಹೋಗುತ್ತೆ."

"ನಂಗೂ ಸಂಸಾರ ಇದೆ ಕಣಕ್ಕಾ..."

"ನಾನಾದ್ರೆ ಅಂಚು ನೋಡಿದೋಳು," ಎಂದಳು ಅವಳು ಮೆಲ್ಲಗೆ. "ನಿನ್ನ ಪರದೆ ಮೇಲೆ ಅವನು ಪೂರ್ತಿ ಇದ್ದ. ಗುಂಡಿ ಸಮೇತ ಇದ್ದ. ಆದ್ರೂ ನೀನು ಅಚ್ಚು ಒತ್ತಿ, ನನ್ನ ಮೇಜಿಗೆ ತಂದು ಹಾಕ್ದೆ. ಒಂದು ಮಾತು ಹೇಳ್ಲಿಲ್ಲ."

ಮಸಿ ಮಾಮ ತಲೆ ತಗ್ಗಿಸಿದ. ಕೈಯ ಕಪ್ಪನ್ನು ಅಂಗಿಗೆ ಒರೆಸಿಕೊಳ್ಳುತ್ತಾ, "ಎಷ್ಟು ತೆಳ್ಳಗೆ ಬರ್ಬೇಕು?" ಎಂದ.

"ತೆಳ್ಳಗೆ ಯಾಕೆ? ಮಸಿ ಉಳಿಸ್ಬೇಡ. ನಾವೇನು ಕದ್ದು ತೋರಿಸ್ತಿಲ್ಲ."

ಹೊರಗೆ ಕಾಣುವ ಹಾಳೆಯಲ್ಲಿ ಮುದುಕ ಮುದುಕಿ ಕೈ ಕೈ ಹಿಡಿದು ತೋಟದಲ್ಲಿ ಓಡಾಡುತ್ತಿದ್ದರು. ಅದರ ಹಿಂದೆ ಯಜಮಾನನ ಮುಖವನ್ನು ಅಂಟಕ್ಕ ಪಟ್ಟೆ ಪಟ್ಟೆಯಾಗಿ ಜೋಡಿಸಿದಳು. ಈ ಸಲ ಯಾವ ಅಂಚು ಯಾರದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಮೂಗಿಗೆ ಅರ್ಧ ಮೂಗು ಕೂಡಿಸಿ ರೋಲರ್ ಒತ್ತುವಾಗ ಇನ್ನೂ ಸ್ವಲ್ಪ ಬಲ ಹಾಕಿದಳು. ಆ ಸುಖವನ್ನು ಅವಳು ಎಂದೂ ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಎರಡು ಹಾಳೆಗಳನ್ನೂ ಸೇರಿಸಿ, ಒಂದೇ ಹಾಳೆಯ ಹಾಗೆ ಸುತ್ತಿಟ್ಟಳು. ಯಾರೂ ಬಿಚ್ಚಿ ನೋಡಲಿಲ್ಲ. ನೋಡಬಾರದೆಂದು ಯಜಮಾನನೇ ಕಟ್ಟಪ್ಪಣೆ ಮಾಡಿದ್ದನಲ್ಲ.

ಫಲಕದ ಆ ಇನ್ನೊಂದು ಮುಖದ ಎದುರಿಗೇ ಯಜಮಾನನ ಮನೆ. ಮಹಡಿಯ ಮೊಗಸಾಲೆಯಲ್ಲಿ ಅವನ ತಾಯಿ ಸಂಜೆ ಹೊತ್ತು ಕುರ್ಚಿ ಹಾಕಿಕೊಂಡು ಕೂರುವವಳು. ಅಂಟಕ್ಕನಿಗೆ ಇದು ಗೊತ್ತಿತ್ತೇ? ಗೊತ್ತಿತ್ತು. ಆ ಅಜ್ಜಿ ತನಗೆ ಯಾವ ಅನ್ಯಾಯವನ್ನೂ ಮಾಡಿಲ್ಲವೆಂದು ಗೊತ್ತಿತ್ತೇ? ಅದೂ ಗೊತ್ತಿತ್ತು. ಏಣಿಯಣ್ಣ ಹುಡುಗನಾಗಿದ್ದಾಗ ಅವಳ ಕೈತುತ್ತು ತಿಂದವನು. ಈ ಯೋಚನೆ ಬಂದಾಗಲೆಲ್ಲ ಅಂಟಕ್ಕ ಕಂಬ ತಬ್ಬಿದ ಪುಟ್ಟಿಯ ಬೆರಳುಗಳನ್ನು ನೆನಪಿಸಿಕೊಂಡಳು. ಮನಸ್ಸು ಮತ್ತೆ ಕಲ್ಲಾಗುತ್ತಿತ್ತು.

ಹಾಳೆ ಕಟ್ಟಿದ ದಿನ ಸಂಜೆ ಪುಟ್ಟಿಯನ್ನು ಮಸಿ ಮಾಮನ ಜೊತೆ ನಿಲ್ದಾಣದಲ್ಲಿ ನಿಲ್ಲಿಸಿ, ತಾನು ಫಲಕದ ಆ ಬದಿಗೆ ಹೋಗಿ ನಿಂತಳು. ಬೀದಿ ದೀಪಗಳು ಹತ್ತಿದವು. ತೋಟದಲ್ಲಿ ಓಡಾಡುತ್ತಿದ್ದ ಮುದುಕ ಮುದುಕಿಯ ಮೈಯನ್ನು ಸೀಳಿಕೊಂಡು, ಬಿಳಿ ಬಟ್ಟೆ ಹೊದ್ದು ಬಾಯಿ ತೆರೆದು ಮಲಗಿದ ಯಜಮಾನ ಆಕಾಶದಷ್ಟೆತ್ತರಕ್ಕೆ ಮೂಡಿಬಂದ.

ಮೊದಲು ಒಬ್ಬ ಸೈಕಲ್ ನಿಲ್ಲಿಸಿದ. ಆಮೇಲೆ ಹಣ್ಣಿನ ಅಂಗಡಿಯವಳು, "ಅಯ್ಯೋ, ಇವ್ರು ಯಾವಾಗ ಹೋದ್ರು? ಬೆಳಿಗ್ಗೆ ಚೌಕಾಸಿ ಮಾಡಿ ಹೋದ್ರಲ್ಲ!" ಎಂದು ಬಾಯಿಗೆ ಸೆರಗು ಹಿಡಿದಳು. ಗುಂಪು ಸೇರಿತು. ಮೊಗಸಾಲೆಯಿಂದ ಒಂದು ಕೂಗು ಕೇಳಿತು. ಅದು ಕೇಳಬಾರದ ಕೂಗು. ಅಂಟಕ್ಕನಿಗೆ ಅದರ ಗುರುತು ಚೆನ್ನಾಗಿತ್ತು. ಒಂದು ಮಧ್ಯಾಹ್ನ ಅದೇ ಕೂಗು ಅವಳ ಗಂಟಲಿನಿಂದ ಇದೇ ರಸ್ತೆಯಲ್ಲಿ ಹೊರಟಿತ್ತು.

ಅಜ್ಜಿ ಬರಿಗಾಲಲ್ಲಿ ಬೀದಿಗೆ ಬಂದು ನಿಂತಾಗ, ಯಾರೋ ಫೋನು ಮಾಡಿದ್ದರಿಂದ ಯಜಮಾನ ಕಾರಿನಿಂದ ಹಾರಿ ಬಂದ. ತಾಯಿ ಅವನ ಮುಖ, ಭುಜ, ಎದೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅವನು ಅವಳನ್ನು ಬಿಡಿಸಿಕೊಂಡು ಅಂಟಕ್ಕನ ಕಡೆ ನುಗ್ಗಿದ.

"ಬದುಕಿರೋನ್ನ ಹೆಣ ಮಾಡಿದ್ಯಲ್ಲೇ! ನಮ್ಮಮ್ಮ ನೋಡಿದ್ಲು ಕಣೇ!"

"ನನ್ನ ಮಗಳೂ ನೋಡಿದ್ಲು," ಎಂದಳು ಅಂಟಕ್ಕ.

"ದೀಪ ಆರ್ಸ್ರೋ!" ಎಂದು ಅವನು ಕೂಗಿದ. ಯಾರು ಆರಿಸುವುದು? ಕರೆಂಟಿನ ಬಿಲ್ಲು ಉಳಿಸಲೆಂದು ಫಲಕದ ತಂತಿಯನ್ನು ಕಳ್ಳತನದಲ್ಲಿ ಬೀದಿ ದೀಪಕ್ಕೆ ಸೇರಿಸಿದವನು ಅವನೇ. ಬೀದಿ ಕತ್ತಲಾಗದೆ ಅವನ ಮುಖ ಕತ್ತಲಾಗುವಂತಿರಲಿಲ್ಲ. ಹತ್ತುವ ಆಳುಗಳು ಅಲ್ಲೇ ಕೈಕಟ್ಟಿ ನಿಂತಿದ್ದರು. "ಇನ್ಮೇಲೆ ಹಗ್ಗ ಇಲ್ದೆ ನಾವು ಹತ್ತಲ್ಲ ಯಜಮಾನ್ರೇ," ಎಂದ ಅವರಲ್ಲೊಬ್ಬ. ಏಣಿಯಣ್ಣನ ಸಾವಿನ ಮೇಲೆ ಅವರಿಗೂ ಒಂದಿಷ್ಟು ಹೇಳುವುದಿತ್ತು.

ಅಜ್ಜಿ ಅಂಟಕ್ಕನ ಹತ್ತಿರ ಬಂದಳು. "ಯಾಕಮ್ಮಾ ಹೀಗೆ ಮಾಡ್ದೆ? ನನ್ನ ಜೀವ ಹೋಗೋದಿತ್ತಲ್ಲ."

ಅಂಟಕ್ಕ ಅವಳ ಕೈ ಹಿಡಿದು ಫಲಕದ ಈಚೆ ಬದಿಗೆ ಕರೆತಂದಳು. "ಸೋಫಾದ ಕೆಳಗೆ ನೋಡಿ ಅಜ್ಜಿ. ಕಣ್ಣು ಕಿರಿದು ಮಾಡ್ಕೊಂಡು ನೋಡಿ."

ಮುದಿಗಣ್ಣಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಜ್ಜಿ, "ನಮ್ಮ ಹುಡುಗ," ಎಂದಳು. ಹಿಂದೆಯೇ ಬಂದಿದ್ದ ಮಗನ ಕಡೆ ತಿರುಗಿದಳು. "ಇವನನ್ನ ಇಲ್ಲಿ ಮಲಗಿಸಿದ್ದು ನೀನೇನೋ?"

ಯಜಮಾನ ಬಾಯಿ ತೆರೆದ. ಆ ಕ್ಷಣ ಅವನು ಆಚೆ ಬದಿಯ ತನ್ನ ಚಿತ್ರದ ಹಾಗೆಯೇ ಕಂಡ.

"ಮೊದಲು ನೀವೇ ಹತ್ತಿ ಅವನನ್ನ ಇಳ್ಸಿ," ಎಂದಳು ಅಂಟಕ್ಕ. "ಆಮೇಲೆ ಬೇಕಾದ್ರೆ ನಿಮ್ಮನ್ನ ಇಳಿಸ್ಕೊಳ್ಳಿ. ಅಲ್ಲೀವರೆಗೂ ಊರು ನೋಡ್ಲಿ."

"ನಾನಾ? ನಾನು ಹತ್ತಿ ಎಷ್ಟು ವರ್ಷ ಆಯ್ತು..."

"ಹತ್ತೋ," ಎಂದಳು ತಾಯಿ. ಅಷ್ಟೇ ಹೇಳಿದಳು.

ಉಗ್ರಾಣದಿಂದ ಹಗ್ಗ ಬಂತು. ಅದರ ಪ್ಲಾಸ್ಟಿಕ್ಕನ್ನು ಅಂಟಕ್ಕನೇ ಹರಿದಳು. ಒಂದು ತುದಿಯನ್ನು ಯಜಮಾನನ ಸೊಂಟಕ್ಕೆ ಕಟ್ಟಿದಳು. ಆಳೊಬ್ಬ ಕಂಬದ ಕೊಂಡಿಯಲ್ಲಿ ಹಗ್ಗ ತೂರಿಸಿ, ಇನ್ನೊಂದು ತುದಿ ಹಿಡಿಯಲು ಕೈ ಚಾಚಿದ. ಅವಳು ಕೊಡಲಿಲ್ಲ. ತನ್ನ ಮುಂಗೈಗೆ ಸುತ್ತಿಕೊಂಡು ಕಾಲು ಊರಿ ನಿಂತಳು.

ಯಜಮಾನ ಕಬ್ಬಿಣದ ಏಣಿ ಹಿಡಿದು ಹತ್ತಿದ. ಒಂದೊಂದು ಮೆಟ್ಟಿಲಿಗೂ ನಿಂತು ಕಬ್ಬಿಣವನ್ನು ತಬ್ಬಿಕೊಳ್ಳುತ್ತಿದ್ದ. ಅವನ ಬೂಟು ಜಾರಿದಾಗಲೆಲ್ಲ ಗುಂಪು ಉಸಿರು ಬಿಗಿಹಿಡಿಯುತ್ತಿತ್ತು. ಕೊನೆಗೂ ಮೇಲಿನ ಹಲಗೆ ಮುಟ್ಟಿ, ಮೊಣಕಾಲೂರಿ, ಹಾಳೆಯ ಮೊದಲನೇ ಕಟ್ಟು ಬಿಚ್ಚಿದ. ಎರಡನೆಯದು ಬಿಚ್ಚಿದ. ಏಣಿಯಣ್ಣನ ಕಾಲಿನ ಕಡೆಯ ಅಂಚು ಸಡಿಲವಾಗಿ ಕೆಳಗೆ ಇಳಿಬಿತ್ತು. ಮಸಿ ಮಾಮನ ಕೈ ಬಿಟ್ಟು ಪುಟ್ಟಿ ಮುಂದೆ ಬಂದು ನಿಂತಳು.

ತಲೆಯ ಕಡೆಯ ಕಟ್ಟು ಬಿಚ್ಚಬೇಕಾದರೆ ಹಲಗೆ ಬಿಟ್ಟು ಹೊರಕ್ಕೆ ಬಾಗಬೇಕು. ಏಣಿಯಣ್ಣ ಜಾರಿದ್ದು ಅಲ್ಲಿಯೇ. ಯಜಮಾನನಿಗೂ ಅದು ಗೊತ್ತಿತ್ತು. ಅವನು ಕೆಳಗೆ ನೋಡಿದ. ದೀಪಗಳ ಕುಕ್ಕುವ ಬೆಳಕಿನ ಆಚೆ ರಸ್ತೆ ಪೂರ್ತಿ ಕಪ್ಪಾಗಿ ಕಂಡಿರಬೇಕು.

"ಅತ್ತಿಗೇ!" ಎಂದು ಕೂಗಿದ. ಎಷ್ಟು ಕಾಲದ ಮೇಲೆ ಬಂದ ಮಾತು ಅದು! "ಅತ್ತಿಗೇ, ಹಗ್ಗ ಹಿಡ್ಕೊಂಡಿದೀರಾ? ನಂಗೇನೂ ಕಾಣ್ತಿಲ್ಲ."

ಅಂಟಕ್ಕ ಹಗ್ಗವನ್ನು ಎರಡೂ ಕೈಯಲ್ಲಿ, ಮುಂಗೈ ಕೆಂಪಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಅತ್ತಿಗೇ, ಹಿಡ್ಕೊಂಡಿದೀರಾ? ಒಂದು ಮಾತು ಹೇಳಿ!"

ಅವಳು ಹೇಳಲಿಲ್ಲ.